ಸೇತುವೆಯ ಮೇಲೆ ತಿಂದ ಸಿಹಿ

ಬೇಡ ಎಂಬ ಒಂದು ಮಾತನ್ನು ರುದ್ರಾಣಿ ಮೂರು ದಿನದಿಂದ ಲವಂಗದಂತೆ ಬಾಯೊಳಗೆ ಇಟ್ಟುಕೊಂಡು ಓಡಾಡುತ್ತಿದ್ದಳು. ಕಾಲೇಜಿನ ಲೈಬ್ರರಿಯಲ್ಲಿ ಹೊಸ ಪುಸ್ತಕಗಳಿಗೆ ಮುದ್ರೆ ಒತ್ತುವಾಗ ಅದು ನಾಲಿಗೆಯ ಅಡಿಯಲ್ಲಿತ್ತು. ಅತ್ತಿಗೆ ವಿಶಾಲಾಕ್ಷಮ್ಮ “ಕಾಡಲ್ಲಿ ಸೀರೆ ಉಟ್ಕೊಂಡು ನಡೆಯೋಕಾಗುತ್ತಾ, ಚೂಡಿದಾರ ಹಾಕ್ಕೊ, ಆದ್ರೆ ಆ ಬೂದಿ ಬಣ್ಣದ್ದಲ್ಲ, ಮುಖ ಸತ್ತಂಗೆ ಕಾಣುತ್ತೆ” ಎನ್ನುವಾಗ ಕೆನ್ನೆಯ ಸಂದಿಗೆ ಸರಿದಿತ್ತು. ಈಗ, ಭಾನುವಾರ ಬೆಳಗ್ಗೆ ಎಂಟೂವರೆಗೆ, ಕಳಸದ ಕಡೆಯ ಕಾಡಿನಲ್ಲಿ ಜೀಪಿನಿಂದ ಇಳಿದು, ಮೊಣಕಾಲೆತ್ತರದ ಗಿಡ ಸರಿಸಿ, ಬುಡದಲ್ಲಿ ತುಕ್ಕು ಹಿಡಿದು ಮಲಗಿದ್ದ ಎರಡು ಹಳಿಗಳನ್ನು ಕಂಡಾಗ ಅದು ಹಲ್ಲಿಗೆ ಸಿಕ್ಕಿ ಚುರುಕ್ಕೆಂದಿತು. ಅವಳ ನಲವತ್ತೆರಡು ವರ್ಷಗಳಲ್ಲಿ ಹದಿನಾಲ್ಕು ಮಂದಿ ಅವಳನ್ನು ನೋಡಿಹೋಗಿದ್ದರು. ಹದಿನಾಲ್ಕು ಸಲವೂ ಬೇಡವೆಂದವರು ಅವರೇ. ಹದಿನೈದನೆಯವನಿಗೆ ತಾನು ಬೇಡ ಅನ್ನಬೇಕು, ಅವನು ಬಾಯಿ ತೆರೆಯುವ ಮೊದಲೇ ಅನ್ನಬೇಕು. ಗಂಡು ಒಳ್ಳೆಯವನೋ ಕೆಟ್ಟವನೋ ಎಂಬುದು ಆ ತೀರ್ಮಾನದಲ್ಲಿ ಎಲ್ಲೂ ಬಂದಿರಲಿಲ್ಲ. ಅದು ನೆನಪಾದಾಗ ಸ್ವಲ್ಪ ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ, ಪರೀಕ್ಷೆಗೆ ಓದದೆ ಬಂದ ಹುಡುಗಿಗೆ ಬರುವಂಥ ಒಂದು ಪುಕ್ಕಟೆ ನಗು ಕೂಡ ಬಂತು.

ಮನೆಗೆ ಬಂದು ನೋಡುವ ಬದಲು ನಡೆಯುತ್ತ ನೋಡೋಣ ಎಂದು ಹೇಳಿಕಳಿಸಿದವನು ರೇಣುಕಪ್ರಸಾದನೇ. ಮಲ್ಲಂದೂರಿನವನು, ಕಾಳುಮೆಣಸಿನ ವ್ಯಾಪಾರ, ನಲವತ್ತೇಳು ವಯಸ್ಸು, ಹೆಂಡತಿ ತೀರಿಕೊಂಡು ಏಳು ವರ್ಷ, ಮಕ್ಕಳಿಲ್ಲ. ಇಷ್ಟನ್ನು ಅಣ್ಣ ಗಂಗಾಧರಪ್ಪ ಊಟದ ನಡುವೆ, ಸಾರಿಗೆ ಉಪ್ಪು ಕಡಿಮೆ ಎಂದು ಹೇಳುವ ದನಿಯಲ್ಲೇ ಹೇಳಿ ಮುಗಿಸಿದ್ದ. ನಡೆಯಲು ಅವನು ಆರಿಸಿದ್ದು ಬ್ರಿಟಿಷರ ಕಾಲದಲ್ಲಿ ಕಾಡಿನ ಮರ ಸಾಗಿಸಲು ಹಾಕಿದ್ದ ಸಣ್ಣ ರೈಲುದಾರಿ. ಸುತ್ತಲಿನವರು ಟ್ರಾಲಿ ಲೈನು ಅನ್ನುತ್ತಾರೆ. ಮರ ಮುಗಿಯಿತೋ ಹಾಕಿದವರ ಆಸೆ ಮುಗಿಯಿತೋ, ನಿಂತುಹೋಗಿ ಎಪ್ಪತ್ತು ವರ್ಷ. ಅರ್ಧ ಹಳಿ ಎಸ್ಟೇಟುಗಳ ಗೇಟುಗಳಾಗಿದೆ, ಉಳಿದರ್ಧವನ್ನು ಕಾಡು ಇಟ್ಟುಕೊಂಡಿದೆ. “ಹನ್ನೊಂದು ಕಿಲೋಮೀಟ್ರು, ಅಷ್ಟೇ ಅಕ್ಕಾ,” ಎಂದ ಜೀಪಿನ ನಿಯಾಜ್. ಮಲ್ಲಂದೂರಿನಲ್ಲಿ ಗ್ಯಾರೇಜು ಇಟ್ಟುಕೊಂಡವನು, ರೇಣುಕಪ್ರಸಾದನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು. ಫಾರೆಸ್ಟಿನವರ ಪರ್ಮಿಷನ್ ಚೀಟಿ ಅವನ ಜೇಬಿನಲ್ಲಿತ್ತು, ರಕ್ತ ಹೀರುವ ಇಂಬಳಕ್ಕೆ ಒತ್ತಲು ಹೊಗೆಸೊಪ್ಪು ಸುಣ್ಣದ ಗಂಟು ಅವನ ಕೋಲಿನ ತುದಿಯಲ್ಲಿತ್ತು. ಅಣ್ಣನ ಮಗಳು ರಶ್ಮಿ ಆಗಲೇ ಹಳಿಯ ಮೇಲೆ ಎರಡೂ ಕೈ ಚಾಚಿ, ಸರ್ಕಸ್ಸಿನವಳ ಹಾಗೆ, ನಾಲ್ಕು ಮಾರು ಮುಂದೆ ಹೋಗಿಯಾಗಿತ್ತು.

ಹನ್ನೊಂದು ಕಿಲೋಮೀಟರು. ಇಪ್ಪತ್ನಾಲ್ಕನೇ ವಯಸ್ಸಿನಲ್ಲಿ ಜಾವಳಿಯವರು ನೋಡಲು ಬಂದಾಗ, ಮೂಗುತಿ ಮಾತ್ರ ನೆನಪಿರುವ ಒಬ್ಬ ಹೆಂಗಸು “ಎಲ್ಲ ಸರಿ, ಹುಡುಗಿ ಎರಡು ಹೆಜ್ಜೆ ನಡೀಲಿ ನೋಡಾಣ” ಎಂದಿದ್ದಳು. ರುದ್ರಾಣಿ ನಡುಮನೆಯಿಂದ ಬಾಗಿಲ ತನಕ ಹೋಗಿ ತಿರುಗಿ ಬಂದಿದ್ದಳು. ಅಂದು ಬೆಳಗ್ಗೆಯಷ್ಟೇ ಹೊಸ ಚಪ್ಪಲಿ ಹಿಮ್ಮಡಿ ಕಚ್ಚಿತ್ತು. ವಾರದ ಮೇಲೆ ಸುದ್ದಿ ಬಂತು: ಹುಡುಗಿ ಕಾಲು ಎಳೀತಾಳೆ. ಆಮೇಲೆ ಎರಡು ವರ್ಷ ಅವಳು ಬಟ್ಟೆ ಒಣಹಾಕುವ ನೆಪದಲ್ಲಿ ತಾರಸಿಯ ಮೇಲೆ ನಡೆದು ನಡೆದು ತನ್ನ ಕಾಲುಗಳನ್ನು ತಾನೇ ಕಾವಲು ಕಾದಿದ್ದಳು. ಈ ಮನುಷ್ಯನಿಗೆ ಎರಡು ಹೆಜ್ಜೆ ಸಾಲದು, ಹನ್ನೊಂದು ಕಿಲೋಮೀಟರು ಬೇಕು. ಹಾಗಾಗಿ ಎಲ್ಲರಿಗಿಂತ ಹಿಂದೆ ಉಳಿಯಬೇಕೆಂದು ಅವಳು ಬೇಕೆಂದೇ ಶೂ ಸರಿಮಾಡಿಕೊಳ್ಳುತ್ತ ನಿಂತಳು. ತಲೆ ಎತ್ತಿದರೆ ರೇಣುಕಪ್ರಸಾದನೂ ನಿಂತಿದ್ದ.

“ನೀವು ಮುಂದೆ ಹೋಗಿ.”

“ಇಲ್ಲ, ನೀವೇ ಹೋಗಿ. ನಾನು ನಿಧಾನ.”

“ನಾನೂ ನಿಧಾನವೇ.”

“ಏನ್ ಮಾರಾಯ, ಇದೇನು ಬಸ್ಸಾ, ಹಿಂದಿನ ಸೀಟಿಗೆ ಕಿತ್ತಾಡ್ತೀರಲ್ಲ!” ಎಂದು ನಿಯಾಜ್ ಮುಂದಿನಿಂದ ಕೂಗಿದ. ಕೊನೆಗೆ ಅವಳೇ ಮುಂದೆ ಹೋಗಬೇಕಾಯಿತು. ಬೆನ್ನಿನ ಮೇಲೆ, ಮುಖ್ಯವಾಗಿ ಹಿಮ್ಮಡಿಗಳ ಮೇಲೆ, ಎರಡು ಕಣ್ಣುಗಳ ಭಾರ ಬಿತ್ತು.

ಆದರೆ ಹಳಿಗಳ ನಡುವಿನ ಅಡ್ಡಪಟ್ಟಿಗಳನ್ನು ಹಾಕಿದವನು ಮನುಷ್ಯರ ಹೆಜ್ಜೆಯನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಒಂದೊಂದೇ ಪಟ್ಟಿಗೆ ಕಾಲಿಟ್ಟರೆ ಹೆಜ್ಜೆ ಗಿಡ್ಡವಾಗುತ್ತದೆ, ಒಂದು ಬಿಟ್ಟು ಒಂದಕ್ಕೆ ಇಟ್ಟರೆ ಚೂಡಿದಾರ ಹರಿಯುವಷ್ಟು ಉದ್ದವಾಗುತ್ತದೆ. ಒಂದು ಗಿಡ್ಡ ಒಂದು ಉದ್ದ ಹಾಕುತ್ತ ಹೋದರೆ ಎಂಥವನೂ ಕುಂಟುತ್ತಾನೆ. ಅರ್ಧ ಗಂಟೆಯಲ್ಲಿ ರುದ್ರಾಣಿಗೆ ಇದು ಹೊಳೆಯಿತು: ಮುಂದೆ ರಶ್ಮಿ ಕುಂಟುತ್ತಿದ್ದಾಳೆ, ಅವಳ ಮುಂದೆ ನಿಯಾಜ್ ಕುಂಟುತ್ತಿದ್ದಾನೆ. ಅವಳು ಧೈರ್ಯ ಮಾಡಿ ಒಮ್ಮೆ ತಿರುಗಿ ನೋಡಿದಳು. ಕಾಳುಮೆಣಸಿನ ವ್ಯಾಪಾರಿ ನೆಲದ ಮೇಲೆ ಕಣ್ಣು ನೆಟ್ಟು, ನಾಲಿಗೆಯ ತುದಿ ಕಚ್ಚಿಕೊಂಡು, ಮದುವೆ ಮನೆಯಲ್ಲಿ ಎಲೆ ತುಳಿಯದಂತೆ ನಡೆಯುವವನ ಹಾಗೆ ಎಗರಿ ಎಗರಿ ಬರುತ್ತಿದ್ದ. ಅವನು ಅವಳ ಕಾಲನ್ನಂತೂ ನೋಡುತ್ತಿರಲಿಲ್ಲ. ಅವಳ ಹೊಟ್ಟೆಯೊಳಗೆ ಯಾರೋ ಕಚಗುಳಿಯಿಟ್ಟಂತಾಯಿತು. ಜಾವಳಿಯ ಆ ಹೆಂಗಸನ್ನು ಇಲ್ಲಿ ತಂದು ನಡೆಸಬೇಕು, ಹೋದ ಹದಿನಾಲ್ಕು ಗಂಡುಗಳನ್ನೂ ಅವರ ಅಪ್ಪಂದಿರನ್ನೂ ಸಾಲಾಗಿ ನಿಲ್ಲಿಸಿ ಈ ಪಟ್ಟಿಗಳ ಮೇಲೆ ನಡೆಸಬೇಕು ಅನ್ನಿಸಿ, ಉಸಿರಿನ ಬದಲು ನಗು ಬಂದು, ಅದನ್ನು ಕೆಮ್ಮು ಮಾಡಿಕೊಂಡಳು. ಕಾಡು ಎರಡೂ ಕಡೆಯಿಂದ ಒತ್ತಿಕೊಂಡು ಬಂದಿತ್ತು. ಹಳಿಗಳ ನಡುವೆಯೇ ತೊಡೆ ಗಾತ್ರದ ಮರ ಎದ್ದಿತ್ತು. ಬೆತ್ತದ ಮುಳ್ಳುಗಳು ದುಪಟ್ಟಾ ಹಿಡಿದೆಳೆದು, ಮಾತಿಗೆ ನಿಲ್ಲಿಸುವ ನೆಂಟರಂತೆ, ಬಿಡುತ್ತಲೇ ಇರಲಿಲ್ಲ. ಮೇಲೆ ಎಲ್ಲೋ ಬಿಸಿಲು ಇತ್ತು, ಕೆಳಗೆ ಅದರ ಚಿಲ್ಲರೆ ಮಾತ್ರ ಬೀಳುತ್ತಿತ್ತು. ಬೇಡ ಅನ್ನಲು ಇದು ಒಳ್ಳೆಯ ಜಾಗ ಎಂದುಕೊಂಡಳು. ಇನ್ನೂ ಸ್ವಲ್ಪ ಮುಂದೆ ಹೋಗಿ ಅನ್ನೋಣ ಎಂದೂ ಎಂದುಕೊಂಡಳು.

ಬಿದ್ದ ಮರದ ಮೇಲೆ ಕೂತು ತಿಂಡಿ ಬಿಚ್ಚಿದರು. ರಶ್ಮಿ ತಂದ ಅಕ್ಕಿರೊಟ್ಟಿ, ಕಾಯಿಚಟ್ನಿ. ರೇಣುಕಪ್ರಸಾದ್ ಎರಡು ರೊಟ್ಟಿ ತಿಂದು, ಕೈ ಒರೆಸಿಕೊಂಡು, ಬಹಳ ಹೊತ್ತು ಯೋಚಿಸಿದವನಂತೆ ಚೀಲದಿಂದ ಒಂದು ಸ್ಟೀಲ್ ಡಬ್ಬಿ ತೆಗೆದು ಮುಚ್ಚಳ ತೆರೆದ. ಕೊಬ್ಬರಿ ಮಿಠಾಯಿ. ಚೌಕ ಕತ್ತರಿಸಲು ಹೋಗಿ ಒಂದೂ ಚೌಕವಾಗಿರಲಿಲ್ಲ. “ನಾನೇ ಮಾಡಿದ್ದು,” ಎಂದ, ತಪ್ಪೊಪ್ಪಿಕೊಳ್ಳುವಂತೆ. ರಶ್ಮಿಯ ಕೈ ಅರ್ಧ ದಾರಿಗೆ ಹೋಗಿ ಹಿಂದೆ ಬಂತು. ಹೊರಡುವಾಗ ವಿಶಾಲಾಕ್ಷಮ್ಮ ಇಬ್ಬರನ್ನೂ ಬಾಗಿಲಲ್ಲಿ ನಿಲ್ಲಿಸಿ ಹೇಳಿದ್ದು ಅದೊಂದನ್ನೇ: ಅವ್ರು ಕೊಟ್ರೆ ನೀರು ಕುಡೀರಿ, ಖಾರ ತಿನ್ನಿ, ಸಿಹಿ ಮಾತ್ರ ಮುಟ್ಟಬೇಡಿ. ಅವರ ಕಡೆ ಅದು ಹಾಗೆಯೇ ನಡೆದುಬಂದಿತ್ತು. ಗಂಡಿನ ಕಡೆಯ ಸಿಹಿ ಹೆಣ್ಣಿನ ಬಾಯಿಗೆ ಬಿದ್ದರೆ ಮಾತು ಮುಗಿದಂತೆ. ಆಮೇಲೆ ಕೇಳುವುದೂ ಇಲ್ಲ, ಹೇಳುವುದೂ ಇಲ್ಲ, ಮುಹೂರ್ತ ನೋಡುವುದೊಂದೇ. ಬಾಯಲ್ಲಿ ಹೂಂ ಅನ್ನಲು ನಾಚುವ ಹುಡುಗಿಯರಿಗೆಂದು ಯಾರೋ ಕನಿಕರದಿಂದ ಮಾಡಿದ ಏರ್ಪಾಡಿರಬೇಕು. ರುದ್ರಾಣಿ ತಲೆಯಾಡಿಸಿದಳು. ಅವನು ಒತ್ತಾಯಿಸಲಿಲ್ಲ. “ನಮಗೆ ಆ ಶಾಸ್ತ್ರ ಇಲ್ಲಪ್ಪ, ನಂಗೆ ನಿಖಾ ಆಗಿ ಇಪ್ಪತ್ತು ವರ್ಷ ಆಯ್ತು,” ಎಂದು ನಿಯಾಜ್ ನಾಲ್ಕು ತುಂಡು ಎತ್ತಿಕೊಂಡ. “ಏಲಕ್ಕಿ ಇಡೀ ತೋಟದ್ದೇ ಹಾಕಿದ್ದೀಯಲ್ಲ ಮಾರಾಯ.”

ಸೇತುವೆ ಬಂದಿದ್ದು ಹನ್ನೊಂದು ಗಂಟೆಯ ಸುಮಾರಿಗೆ. ಸೇತುವೆ ಎಂದರೆ ಎರಡು ಕಬ್ಬಿಣದ ತೊಲೆ, ಅವುಗಳ ಮೇಲೆ ಅಲ್ಲೊಂದು ಇಲ್ಲೊಂದು ಉಳಿದ ಪಟ್ಟಿ, ಒಂದು ಕಡೆ ಹಿಡಿದುಕೊಳ್ಳಲು ಯಾರೋ ಎಳೆದು ಕಟ್ಟಿದ ತಂತಿ. ನಾಲ್ಕಾಳು ಕೆಳಗೆ ಹಳ್ಳ ಬಂಡೆಗಳ ಸಂದಿಯಲ್ಲಿ ತನ್ನಷ್ಟಕ್ಕೆ ಗದ್ದಲ ಮಾಡಿಕೊಂಡು ಹೋಗುತ್ತಿತ್ತು. ನಿಯಾಜ್ ದಾಟಿದ. ರಶ್ಮಿ ಮಧ್ಯದಲ್ಲಿ ಒಂದು ಫೋಟೋ ಕೂಡ ತೆಗೆದುಕೊಂಡು ದಾಟಿದಳು. ರುದ್ರಾಣಿ ತಂತಿ ಹಿಡಿದು ಮೊದಲ ಹತ್ತು ಹೆಜ್ಜೆಯನ್ನು ಕೆಳಗೆ ನೋಡದೆ ಇಟ್ಟಳು, ಹನ್ನೊಂದನೆಯದಕ್ಕೆ ನೋಡಿದಳು. ನೋಡಿದ ಕೂಡಲೇ ಹಳ್ಳ ನಿಂತು ಸೇತುವೆ ಹರಿಯತೊಡಗಿತು. ಮರಗಳು ಒಂದು ಬದಿಗೆ ವಾಲಿ ಮತ್ತೆ ನೆಟ್ಟಗಾದವು. ಅಂಗಾಲಿನಿಂದ ಏನೋ ಜುಮ್ಮೆಂದು ಮೇಲೇರಿ ಬಂತು. ಅದು ಭಯವೇ, ಆದರೆ ಭಯದ ಹೊಟ್ಟೆಯೊಳಗೆ ಇನ್ನೇನೋ ಇತ್ತು. ಚಿಕ್ಕವಳಿದ್ದಾಗ ಉಯ್ಯಾಲೆ ತುದಿಗೆ ಹೋಗಿ ಒಂದು ಗಳಿಗೆ ಎಲ್ಲೂ ಸೇರದೆ ನಿಲ್ಲುತ್ತದಲ್ಲ, ಆಗ ಕಿರುಚಲು ಬಾಯಿ ತೆರೆದರೆ ನಗು ಬರುತ್ತಿತ್ತು, ಅದು. ಇಲ್ಲಿ ಯಾರ ಮನೆಯ ನಡುಮನೆಯೂ ಇಲ್ಲ, ಚಾಪೆ ಇಲ್ಲ, ಕಾಫಿಯ ತಟ್ಟೆ ಇಲ್ಲ, ಇರುವುದು ಒಂದು ಗೇಣಗಲದ ಕಬ್ಬಿಣ, ಅದರ ಮೇಲೆ ತನ್ನ ಪಾದ. ಆಗ ಕೇಳಿಸಿತು. ಹಿಂದಿನಿಂದ, ಕಾಡಿನ ಆಳದಿಂದ, ಛಫ್, ಛಫ್, ಛಫ್ ಎಂದು ಉಸಿರು ಬಿಡುತ್ತ, ಹತ್ತಿರ ಹತ್ತಿರವಾಗುತ್ತ. ಅವಳ ಬುದ್ಧಿ ಎಪ್ಪತ್ತು ವರ್ಷವನ್ನು ಮರೆತೇಬಿಟ್ಟಿತು.

“ರೈಲು!” ಎಂದು ಕಿರುಚಿ ರುದ್ರಾಣಿ ಕೂತೇಬಿಟ್ಟಳು. ಕೂತಿದ್ದಷ್ಟೇ ಅಲ್ಲ, ತೊಲೆಯನ್ನು ಎರಡೂ ಕೈಯಿಂದ ತಬ್ಬಿ ಕಣ್ಣು ಮುಚ್ಚಿದಳು. ತಲೆಯ ಮೇಲೆ ಗಾಳಿ ಸೀಳಿಕೊಂಡು ಅದು ದಾಟಿಹೋಯಿತು.

ಆಚೆ ದಡದಲ್ಲಿ ನಿಯಾಜ್ ಹೊಟ್ಟೆ ಹಿಡಿದುಕೊಂಡಿದ್ದ. “ಅಕ್ಕಾ, ಈ ಲೈನಿಗೆ ರೈಲು ಬಂದ್ರೆ ಟಿಕೆಟ್ ನಾನೇ ಕೊಡಿಸ್ತೀನಿ!”

“ಮಂಗಟ್ಟೆ,” ಎಂದಿತು ಬೆನ್ನ ಹಿಂದೆ ಒಂದು ಸಣ್ಣ ದನಿ. “ಹಕ್ಕಿ. ದೊಡ್ಡ ಕೊಕ್ಕಿಂದು. ರೆಕ್ಕೆ ಬಡಿದ್ರೆ ಹಂಗೇ ಕೇಳುತ್ತೆ. ನಂಗೂ ಹಂಗೇ ಅನಿಸ್ತು.” ರೇಣುಕಪ್ರಸಾದ್ ಒಂದು ಮಾರು ಹಿಂದೆ ತಾನೂ ಅದೇ ತೊಲೆಯ ಮೇಲೆ ಕುದುರೆ ಹತ್ತಿದವನಂತೆ ಕೂತಿದ್ದ. ಅವಳನ್ನು ಮುಟ್ಟಲು ಬರಲಿಲ್ಲ, ಎಬ್ಬಿಸಲು ಬರಲಿಲ್ಲ. “ತಲೆ ಸುತ್ತುತ್ತಾ? ಇದನ್ನ ಬಾಯಿಗೆ ಹಾಕ್ಕೊಳ್ಳಿ, ನಿಲ್ಲುತ್ತೆ.”

ಕಣ್ಣು ಮುಚ್ಚಿಕೊಂಡೇ ಅವಳು ಹಿಂದಕ್ಕೆ ಕೈ ಚಾಚಿದಳು, ಕೈಗೆ ಬಂದದ್ದನ್ನು ಬಾಯಿಗೆ ಹಾಕಿಕೊಂಡಳು. ಕೊಬ್ಬರಿ, ಸಕ್ಕರೆ, ಅತಿಯಾದ ಏಲಕ್ಕಿ, ಬುಡದಲ್ಲಿ ಸ್ವಲ್ಪ ಸೀದ ವಾಸನೆ. ಮೂರು ದಿನದ ಲವಂಗ ಎಲ್ಲಿ ಹೋಯಿತೋ. ಸಿಹಿ ಕಿವಿಯ ತನಕ ಹರಿಯಿತು. ಕಣ್ಣು ತೆರೆದಳು. ಹಳ್ಳ ಮತ್ತೆ ತಾನೇ ಹರಿಯುತ್ತಿತ್ತು. ಎಷ್ಟು ಹಸಿರು, ಎಷ್ಟು ಕೆಳಗೆ, ಎಷ್ಟು ಚೆಂದ. “ಇನ್ನೊಂದು ಕೊಡಿ,” ಎಂದು ಯಾರೋ ಹೇಳಿದ್ದು ಕೇಳಿಸಿತು. ಅದು ತಾನೇ. ಇನ್ನೊಂದನ್ನೂ ತಿಂದಳು.

“ಅತ್ತೇ! ಸಿಹಿ!” ರಶ್ಮಿಯ ಕೂಗಿಗೆ ಮಂಗಟ್ಟೆಯೂ ಹೆದರಿರಬೇಕು.

ಆಚೆ ದಡ ಸೇರಿ ಗಟ್ಟಿ ನೆಲದ ಮೇಲೆ ನಿಂತು ಅಂಗೈಯ ತುಕ್ಕು ಒರೆಸಿಕೊಂಡಳು. ಆ ಏರಿನಲ್ಲಿ ಎರಡು ಕಡ್ಡಿ ನೆಟ್‌ವರ್ಕ್ ಸಿಗುತ್ತದಂತೆ, ರಶ್ಮಿ ತೆಗೆದ ಫೋಟೋ ಆಗಲೇ ಮನೆಗೆ ಹೋಗಿಯಾಗಿತ್ತು: ತೊಲೆ ತಬ್ಬಿದ ರುದ್ರಾಣಿ, ಕೆನ್ನೆ ಉಬ್ಬಿದ ರುದ್ರಾಣಿ, ಹಿಂದೆ ಡಬ್ಬಿ ಹಿಡಿದ ಗಂಡು. “ಅಮ್ಮಂಗೆ ಹೇಳ್ಬಿಟ್ಟೆ ಅತ್ತೆ, ತಡೆಯೋಕಾಗ್ಲಿಲ್ಲ,” ಎಂದು ರಶ್ಮಿ ಕುಣಿದಳು.

“ಅದನ್ನ ಲೆಕ್ಕಕ್ಕೆ ಹಿಡೀಬೇಡಮ್ಮ,” ಎಂದ ರೇಣುಕಪ್ರಸಾದ್, ಯಾರನ್ನೂ ನೋಡದೆ. “ಅವ್ರಿಗೆ ತಲೆ ಸುತ್ತಿತ್ತು. ಔಷಧಿ ಕೊಟ್ಟಂಗೆ ಕೊಟ್ಟಿದ್ದು.”

“ಎರಡನೇದು ಯಾವ ಔಷಧಿ ಮಾರಾಯ?” ಎಂದ ನಿಯಾಜ್.

ರುದ್ರಾಣಿಗೆ ನಗು ಬರಬೇಕಿತ್ತು, ಬರಲಿಲ್ಲ. ಲೆಕ್ಕಕ್ಕೆ ಹಿಡೀಬೇಡ. ಎಷ್ಟು ನಯವಾಗಿ ಹೇಳಿದ. ಜಾತಕ ಕೂಡಲಿಲ್ಲ ಎಂದವರು, ಹುಡುಗನಿಗೆ ಇನ್ನೂ ಓದುವ ಮನಸ್ಸಿದೆ ಎಂದವರು, ನಮ್ಮ ಅಜ್ಜಿ ತೀರಿಕೊಂಡರು ಈ ವರ್ಷ ಬೇಡ ಎಂದವರು ಎಲ್ಲರ ನಯವೂ ಅದರಲ್ಲಿತ್ತು. ತೊಲೆ ತಬ್ಬಿ ಕಿರುಚಿದ ಹೆಂಗಸನ್ನು ಹಿಂದಿನಿಂದ ಕೂತು ಚೆನ್ನಾಗಿ ನೋಡಿದ್ದಾನೆ, ನೋಡಿ ಹಿಂದೆ ಸರಿಯುತ್ತಿದ್ದಾನೆ. ಹದಿನೈದನೆಯವನು! ತಾನು ಮೂರು ದಿನ ಕಾಪಾಡಿಕೊಂಡು ಬಂದದ್ದನ್ನು ತನ್ನ ಬಾಯಿಂದಲೇ ಕಸಿದುಕೊಂಡು, ತನಗಿಂತ ಮೊದಲು ಹೇಳಿಬಿಟ್ಟಿದ್ದಾನೆ. ಕನ್ನಡಿಯ ಮುಂದೆ ಅವಳು ಒಳ್ಳೆಯ ವಾಕ್ಯವೊಂದನ್ನು ಸಿದ್ಧಮಾಡಿಕೊಂಡಿದ್ದಳು, ನಿಮ್ಮ ಬಗ್ಗೆ ನನಗೆ ಗೌರವವಿದೆ ಎಂದು ಶುರುವಾಗುವುದು. ಗೌರವವೂ ಸಿಗಲಿಲ್ಲ, ವಾಕ್ಯವೂ ಸಿಗಲಿಲ್ಲ.

“ಬೇಡ,” ಎಂದಳು. ಕಾಡಿಗೆಲ್ಲ ಕೇಳುವಷ್ಟು ಜೋರಾಗಿ. “ನಂಗೆ ಈ ಸಂಬಂಧ ಬೇಡ.”

ಅವಳ ಮೈಯಿಂದ ಭಾರವೆಲ್ಲ ಇಳಿದು ಈಗ ಮತ್ತೆ ಸೇತುವೆ ಹತ್ತಿದರೆ ಓಡಿಯೇ ದಾಟುವೆನೆನ್ನಿಸಿತು. ಅಷ್ಟರಲ್ಲಿ ರಶ್ಮಿಯ ಫೋನು ಬಡಿದುಕೊಂಡಿತು. ಅವಳು ಹೆದರಿ ಅದನ್ನು ಅತ್ತೆಯ ಕೈಗೆ ದಾಟಿಸಿದಳು. ಅಣ್ಣನ ದನಿ ಎಂದೂ ಇಲ್ಲದ ಹಿಗ್ಗಿನಲ್ಲಿತ್ತು, ಹಿಂದೆ ಅತ್ತಿಗೆ ಯಾರಿಗೋ ಕೂಗಿ ಹೇಳುತ್ತಿದ್ದಳು.

“ಸಿಹಿ ತಿಂದ್ಯಂತಲ್ಲೇ ರುದ್ರಿ!”

“ಅಣ್ಣ, ಬೇಡ ಅಂತಾಯ್ತು.”

ಆ ಕಡೆ ಹಿಗ್ಗು ಇಳಿದದ್ದು ಕೇಳಿಸಿತು. ಅಣ್ಣ ಹಳೆಯ ದನಿಗೆ, ಸಮಾಧಾನದ ದನಿಗೆ ಬಂದ. “ಹೋಗ್ಲಿ ಬಿಡಮ್ಮ. ಏನಂತೆ? ಏನು ಕಾರಣ ಹೇಳಿದ್ರು ಅವ್ರು?”

“ಅವ್ರು ಏನೂ ಹೇಳಿಲ್ಲ. ಬೇಡ ಅಂದಿದ್ದು ನಾನು.”

“ಯಾರು?”

“ನಾನು.”

ಎರಡು ಕಡ್ಡಿ ಒಂದಾಗಿ, ಒಂದೂ ಇಲ್ಲವಾಗಿ ಫೋನು ಸತ್ತಿತು. “ನಾನು, ನಾನು,” ಎಂದು ಅವಳು ಸತ್ತ ಫೋನಿಗೆ ಇನ್ನೆರಡು ಸಲ ಹೇಳಿ, ಹೇಳಿದ್ದು ರುಚಿಯಾಗಿ, ನಗುತ್ತ ತಿರುಗಿದಳು.

ರೇಣುಕಪ್ರಸಾದ್ ಹಳಿಯ ಮೇಲೆ ಕೂತು ಶೂ ಲೇಸು ಬಿಚ್ಚಿ ಕಟ್ಟುತ್ತಿದ್ದ. ಅದು ಮೊದಲೇ ಸರಿಯಾಗಿ ಕಟ್ಟಿತ್ತು. ಕಟ್ಟಿದ್ದನ್ನು ಮತ್ತೆ ಬಿಚ್ಚಿದ. ರುದ್ರಾಣಿಯ ನಗು ಅರ್ಧದಲ್ಲಿ ನಿಂತಿತು. ಆ ಕೆಲಸ ಅವಳಿಗೆ ಗೊತ್ತು. ಬೇಡವೆಂಬ ಸುದ್ದಿ ಬಂದ ದಿನ ಅವಳು ಲೈಬ್ರರಿಯ ಏಣಿ ಹತ್ತಿ, ಹಿಂದಿನ ದಿನವಷ್ಟೇ ಒರೆಸಿದ ಮೇಲಿನ ಕಪಾಟನ್ನು ಒರೆಸುತ್ತಿದ್ದಳು. ಮುಖ ಎಲ್ಲರಿಗಿಂತ ಎತ್ತರದಲ್ಲಿದ್ದರೆ ಯಾರಿಗೂ ಕಾಣುವುದಿಲ್ಲ. ಇವನು ಬಗ್ಗಿದ್ದಾನೆ, ಅಷ್ಟೇ ವ್ಯತ್ಯಾಸ. “ಬಾರಮ್ಮ, ಅಲ್ಲೊಂದು ಸುರಂಗ ಇದೆ, ಬಾವಲಿ ತೋರಿಸ್ತೀನಿ,” ಎಂದು ನಿಯಾಜ್ ರಶ್ಮಿಯನ್ನು ಕರೆದುಕೊಂಡು ಮುಂದೆ ಹೋದ. ಇವಳು ನಿಂತು ಮಾತು ಹುಡುಕಿದಳು. ನಿಮ್ಮಲ್ಲೇನೂ ಕೊರತೆ ಇಲ್ಲ. ಇದನ್ನು ಅವಳಿಗೆ ದಲ್ಲಾಳಿಯೊಬ್ಬ ಹೇಳಿದ್ದ. ಒಳ್ಳೇದೇ ಆಗುತ್ತೆ, ಇದನ್ನು ಎಲ್ಲರೂ ಹೇಳಿದ್ದರು. ಮಾತನ್ನು ಅಳೆದು ತೂಗಿ ಆಡುವವಳಿಗೆ ಅವರೆಲ್ಲ ಆಗಲೇ ಬಳಸಿರದ ಒಂದೇ ಒಂದು ಮಾತು ಸಿಗಲಿಲ್ಲ. ಯಾರೂ ತನ್ನನ್ನು ಎಂದೂ ಕೇಳದ ಪ್ರಶ್ನೆಯೊಂದು ಮಾತ್ರ ಇತ್ತು. ಹೋಗಿ ಎದುರಿನ ಹಳಿಯ ಮೇಲೆ ಕೂತಳು.

“ಬೇಜಾರಾಯ್ತಾ?”

ಅವನು ಲೇಸು ಬಿಟ್ಟ. “ಆಯ್ತು.”

“ಎಷ್ಟು?”

ಅವನು ನಿಜವಾಗಿಯೂ ಯೋಚಿಸಿದ. “ಊಟ ಸೇರದಷ್ಟೇನಲ್ಲ. ಆದ್ರೆ ಈಗ ಆ ಸೇತುವೆ ಮೇಲೆ ವಾಪಸ್ ಹೋಗು ಅಂದ್ರೆ ಆಗ್ಲಿಕ್ಕಿಲ್ಲ.”

“ಲೆಕ್ಕಕ್ಕಿಲ್ಲ ಅಂತ ಯಾಕಂದ್ರಿ? ನೀವೇ ಮೊದ್ಲು ಅಂದ್ರಿ.”

“ಮತ್ತೆ? ಹೆದರಿದವರ ಬಾಯಿಗೆ ಸಿಹಿ ಹಾಕಿ ಒಪ್ಪಿಸ್ಕೊಂಡ ಅಂತ ಆಗಬಾರ್ದಲ್ಲ.” ಹಳಿಯ ತುಕ್ಕು ಕೆರೆಯುತ್ತ, “ನಿಮ್ಮನೆಗೆ ಬಂದು ಚಾಪೆ ಮೇಲೆ ಕೂತು ಮಾತಾಡೋಕೆ ನಂಗೆ ಬರಲ್ಲ. ನಡೀತಿದ್ರೆ ಸುಮ್ನಿದ್ರೂ ಯಾರೂ ಏನೂ ಅನ್ನಲ್ಲ. ಅದಕ್ಕೇ ಇಲ್ಲಿಗೆ ಕರೆದಿದ್ದು. ಬೇರೆ ಏನೂ ಇಲ್ಲ,” ಎಂದ.

ಇಷ್ಟು ದಾರಿ ತನ್ನ ಹಿಮ್ಮಡಿಯನ್ನು ಕಾದುಕೊಂಡು ಬಂದಿದ್ದು ಈ ಮನುಷ್ಯನಿಂದ! ರುದ್ರಾಣಿಗೆ ಮೊದಲು ಭುಜ ಅಲುಗಿತು, ಆಮೇಲೆ ಹೊಟ್ಟೆ, ಆಮೇಲೆ ತಡೆಯಲಾಗದೆ ಹಳಿಯ ಮೇಲಿಂದ ಜಾರಿ ತರಗೆಲೆಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಏಕೆಂದು ತಿಳಿಯದಿದ್ದರೂ ಅವನೂ ನಗತೊಡಗಿದ, ಮೊದಲು ಮರ್ಯಾದೆಗೆ, ಆಮೇಲೆ ನಿಜಕ್ಕೆ. ಅವನ ಕುತ್ತಿಗೆಯ ಮೇಲೆ ಒಂದು ಇಂಬಳ ದಪ್ಪಗಾಗುತ್ತಿತ್ತು. ಅವಳು ಕೈ ಚಾಚಿ ಅದನ್ನು ಉಗುರಿನಿಂದ ಎಬ್ಬಿಸಿ ಎಸೆದಳು, ಕಪಾಟಿನ ಪುಸ್ತಕದ ಮೇಲಿನ ಹುಳ ತೆಗೆದಷ್ಟೇ ಸಲೀಸಾಗಿ.

“ಮುಂದಿನ ಭಾನುವಾರ ಮನೇಲಿರ್ತೀರಾ?” ಎಂದಳು ಕಣ್ಣೊರೆಸಿಕೊಂಡು.

“ಇರ್ತೀನಿ. ಯಾಕೆ?”

“ಮಲ್ಲಂದೂರಿಗೆ ಬರ್ತೀನಿ. ನಾನೊಬ್ಬಳೇ. ನೋಡೋಕೆ.”

“ಏನನ್ನ?”

“ನಿಮ್ಮನ್ನ.”

ರೇಣುಕಪ್ರಸಾದ್ ಎಡಕ್ಕೂ ಬಲಕ್ಕೂ ನೋಡಿದ, ಅಲ್ಲಿ ಬೇರೆ ಯಾರಾದರೂ ಇದ್ದಾರೋ ಎಂಬಂತೆ. “ಬೇಡ ಅಂದಾಯ್ತಲ್ಲ ನೀವು?”

“ಅದು ನೀವು ನೋಡೋಕೆ ಬಂದಿದ್ದಕ್ಕೆ.”

“ನೋಡಿ... ಆಮೇಲೆ?”

“ಆಮೇಲೇನು? ಯೋಚನೆ ಮಾಡಿ ಹೇಳಿ ಕಳಿಸ್ತೀನಿ.”

ಅವನ ಕಿವಿ ಕೆಂಪಾಯಿತು. ಕೈ ತಾನಾಗಿ ಎದ್ದು ಶರ್ಟಿನ ಕಾಲರ್ ಸರಿಮಾಡಿತು, ಮೊಣಕಾಲಿನ ಕೆಸರು ಕೊಡವಿತು, ಕೂದಲು ಒತ್ತಿಕೊಂಡಿತು. ಕೂದಲಿಗೆ ಒಂದು ಒಣ ಎಲೆ ಸಿಕ್ಕಿಕೊಂಡಿತ್ತು, ಅದು ಕೈಗೆ ಸಿಗಲಿಲ್ಲ. ರುದ್ರಾಣಿ ಅದನ್ನು ಹೇಳಲಿಲ್ಲ. ಗಲ್ಲಕ್ಕೆ ಅಂಗೈ ಕೊಟ್ಟು, ಆರಾಮಾಗಿ ಕೂತು, ಅವನನ್ನು ನೋಡತೊಡಗಿದಳು.